ಸುಂದರವ್ವನ ಕಣ್ಣಿಗೆ ಗಾಳಿ ತಾಗದಂತೆ

ನನ್ನ ಗೆಳೆಯ ಅಂದಾನೆಪ್ಪನಿಗೆ ಪಿಸುಮಾತು ಬರುತ್ತಿರಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಅವನದು ಎತ್ತಿನ ಸಾಮಾನಿನ ಅಂಗಡಿ. ಹಗ್ಗ, ಮೂಗುದಾರ, ಬಾರುಕೋಲು, ಕೊರಳ ಗಂಟೆ, ಹಣೆಗೆ ಕಟ್ಟುವ ಉಣ್ಣೆಯ ಗೊಂಡೆ. ದಿನವಿಡೀ ಗಂಟೆಗಳ ನಡುವೆ ಕೂತು ಮಾತಾಡಿದವನ ಗಂಟಲು ಹಾಗಾಗುತ್ತದೋ ಏನೋ. ಗುಟ್ಟು ಹೇಳುತ್ತೇನೆಂದು ನನ್ನ ಕಿವಿಯ ಹತ್ತಿರ ಬಾಗಿದರೂ ಎದುರಿನ ಕಿರಾಣಿ ಅಂಗಡಿಯವರು ತಲೆಯೆತ್ತಿ ನೋಡುತ್ತಿದ್ದರು. ಕಳೆದ ದೀಪಾವಳಿ ಮುಗಿದ ವಾರ, ಮಧ್ಯಾಹ್ನ ಉಂಡು ಅಡ್ಡಾದವನು ಏಳಲಿಲ್ಲ. ಅವನು ಸದ್ದಿಲ್ಲದೆ ಮಾಡಿದ ಕೆಲಸ ಅದೊಂದೇ.

ಸಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಓದಿ ಕನ್ನಡ ಮಾಸ್ತರನಾದೆ, ಅವನು ಅಪ್ಪನ ಅಂಗಡಿಯಲ್ಲಿ ಕೂತ. ನಾನು ಓದಿದ ಪುಸ್ತಕದ ಕತೆಯನ್ನೆಲ್ಲ ಅವನಿಗೆ ಹೇಳಬೇಕಿತ್ತು. ಕೇಳಿ, "ಆ ಮನಷ್ಯಾ ಹೊಟ್ಟಿಗೆ ಏನ್ ಮಾಡತಿದ್ದ? ಅದನ್ನ ಬರದೇ ಇಲ್ಲಲ್ಲ," ಎಂದು ತಪ್ಪು ಹಿಡಿಯುತ್ತಿದ್ದ. ಹೀಗಾಗಿ ಅವನು ಹೊಟ್ಟೆಗೆ ಏನು ಮಾಡುತ್ತಿದ್ದ ಎನ್ನುವುದನ್ನು ಇಲ್ಲಿ ಬಿಡುವಂತಿಲ್ಲ.

ಗಂಟೆ ಕೊಡುವ ಮುಂಚೆ ಅವನು ಎತ್ತಿನ ಹೆಸರು ಕೇಳುತ್ತಿದ್ದ. ಒಮ್ಮೆ ನಾನು ಅಲ್ಲೇ ಕೂತಿದ್ದಾಗ ಹೊಸ ಗಿರಾಕಿಯೊಬ್ಬ ಬಂದ.

"ಹೆಸರೇನ್ರಿ?"

"ಬಸವಣ್ಣೆಪ್ಪ ರೀ."

"ನಿಮ್ಮದಲ್ಲೋ ಯಪ್ಪಾ, ಎತ್ತಿಂದು!"

ಹೆಸರು ಗೊತ್ತಾದ ಮೇಲೆ ನಾಲ್ಕು ಗಂಟೆ ಅಲ್ಲಾಡಿಸಿ, ಆ ಹೆಸರಿಗೆ ಒಪ್ಪುವ ದನಿಯದನ್ನು ಆರಿಸಿ ಕೊಡುತ್ತಿದ್ದ. ಈಚೆಗೆ ಎತ್ತು ಕಡಿಮೆಯಾದವು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ ಕಡೆಯ ಟ್ರ್ಯಾಕ್ಟರ್ ಡ್ರೈವರುಗಳು ಕನ್ನಡಿಗೆ ಕಟ್ಟಲು ಗೊಂಡೆ ಒಯ್ಯತೊಡಗಿದರು. ಅವರಿಗೂ ಅದೇ ಪ್ರಶ್ನೆ: "ಟ್ರ್ಯಾಕ್ಟರ್ ಹೆಸರೇನು?" ಡ್ರೈವರುಗಳು ನಗುತ್ತಿದ್ದರು. ಆದರೆ ಮರುವರ್ಷ ಬಂದಾಗ ಹೆಸರಿಟ್ಟುಕೊಂಡೇ ಬರುತ್ತಿದ್ದರು.

ಆ ಗೊಂಡೆ ಕಟ್ಟುವವಳು ಅವನ ಹೆಂಡತಿ ಸುಂದರವ್ವ. ಕೆಂಪು ಉಣ್ಣೆಯನ್ನು ಬೆರಳಿಗೆ ಸುತ್ತಿ, ಕತ್ತರಿಸಿ, ಕೊಡವಿದರೆ ಹೂವಿನಂತೆ ಅರಳಬೇಕು. ಅದು ಅವಳ ಕೈಗೆ ಮಾತ್ರ ಬರುತ್ತಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಸಂತೆ ಇದ್ದರೂ ಇಬ್ಬರೂ ಮೋಟರ್‌ಸೈಕಲ್ ಮೇಲೆ ಹೋಗುತ್ತಿದ್ದರು. ಎರಡೂ ಕಡೆ ಹಗ್ಗದ ಗಂಟು, ನಡುವೆ ಅವಳು. ಸಂತೆಯಲ್ಲಿ ಹಗ್ಗ ಮಾರುವವನು ಅವನು, ಉಳಿದದ್ದೆಲ್ಲ ಮಾರುವವಳು ಅವಳು. ಚೌಕಾಸಿ ಮಾಡಿ ಸೋತ ಗಿರಾಕಿಯೂ ಅವಳ ಮಾತಿಗೆ ನಕ್ಕು ಹೋಗುತ್ತಿದ್ದ. ಬರುವಾಗ ದಾರಿಯುದ್ದಕ್ಕೂ ಅವಳು ಅವನ ಬೆನ್ನ ಹಿಂದಿನಿಂದ ಆ ದಿನದ ಗಿರಾಕಿಗಳ ಅಣಕು ಮಾಡುವಳು, ಅವನು ಗಾಡಿ ಅಲ್ಲಾಡುವಂತೆ ನಗುವನು. "ಸಂತಿ ಅರ್ಧಾ ದಾರ್ಯಾಗ ಇರತದೋ ಗೌರ್ಯಾ," ಎಂದು ನನಗೆ ಹೇಳುತ್ತಿದ್ದ.

ಮೂರೂವರೆ ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ ಸುಂದರವ್ವ ಬಾಯಿ ಮುಕ್ಕಳಿಸಿದಾಗ ನೀರು ಒಂದು ಕಡೆಯಿಂದ ಸೋರಿತು. ಮುಖದ ಎಡಭಾಗ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ.

ಪಕ್ಕದ ಮನೆಯ ಶೆಟ್ಟೆವ್ವ ಬಂದು ನೋಡಿದವಳೇ, "ತಂಗಿ, ನಿನಗ ಗಾಳಿ ಬಡದೈತಿ," ಎಂದಳು.

ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಬೀಸುವ ಗಾಳಿಯೂ ಗಾಳಿಯೇ, ಮೈಮೇಲೆ ಬರುವ ದೆವ್ವವೂ ಗಾಳಿಯೇ. ಶೆಟ್ಟೆವ್ವ ಹೇಳಿದ್ದು ಎರಡನೆಯದು. ನಿಂಬೆಹಣ್ಣು ಮಂತ್ರಿಸಿ ತರಲು ಅವಳು ಹೊರಟೇಬಿಟ್ಟಳು. ಬೆಳಗಾವಿಯ ಡಾಕ್ಟರು ಹೇಳಿದ್ದು ಬೇರೆ. ಮುಖದ ನರ ಸೋತಿದೆ, ಬಾಯಿ ಬಹುಮಟ್ಟಿಗೆ ಸರಿಹೋಗುತ್ತದೆ, ಕಣ್ಣು ಪೂರ್ತಿ ಮುಚ್ಚುವವರೆಗೆ ಅದಕ್ಕೆ ಗಾಳಿ, ಧೂಳು ಹೊಡೆಯಬಾರದು. ಹೊಡೆದರೆ ಕರಿಗುಡ್ಡೆಗೆ ಹುಣ್ಣಾಗಿ ದೃಷ್ಟಿ ಹೋದೀತು. "ಅಂದ್ರ ಶೆಟ್ಟೆವ್ವ ಹೇಳಿದ್ದ ಖರೇನ ಆತು," ಎಂದ ಅಂದಾನೆಪ್ಪ. "ಗಾಳೀದ ಕಾಟ. ದೆವ್ವ ಮಾತ್ರ ಬ್ಯಾರೆ."

ಬಾಯಿ ಕೆಲವು ತಿಂಗಳಲ್ಲಿ ಮುಕ್ಕಾಲು ಪಾಲು ನೆಟ್ಟಗಾಯಿತು. ಕಣ್ಣು ಆಗಲಿಲ್ಲ. ದೊಡ್ಡ ಕನ್ನಡಕ ಹಾಕಿದರೆ ಗಾಳಿ ಕೆಳಗಿನಿಂದ ನುಗ್ಗಿ ಕಣ್ಣು ಧಾರಾಕಾರ ಸುರಿಯುತ್ತಿತ್ತು. ಮುಖ ಮುಚ್ಚುವ ಹೆಲ್ಮೆಟ್ ತಂದರೆ ಅದು ಕಿವಿಯ ಹಿಂದೆ, ನೋವಿದ್ದ ಜಾಗವನ್ನೇ ಒತ್ತುತ್ತಿತ್ತು. ಬಸ್ಸಿನ ಕಿಟಕಿ ಯಾವುದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಕೊನೆಗೆ ಅವಳೇ, "ನಾ ಮನ್ಯಾಗ ಕುಂತ ಗೊಂಡೆ ಕಟ್ಟತೇನಿ, ನೀವು ಮಾರಕೊಂಡ ಬರ್ರಿ," ಎಂದುಬಿಟ್ಟಳು.

"ಜನಾ ನಿನ್ನ ಕೇಳತಾರ."

"ಹೆಸರು ಸುಂದರವ್ವ, ಮಾರಿ ನೋಡಿದ್ರ ಹಿಂಗ. ನಕ್ಕಾರು ಬಿಡ್ರಿ."

"ಬಾಯಿ ಸೊಟ್ಟ ಆದ್ರ ಆಗವಲ್ದ್ಯಾಕ, ಮಾತು ನೆಟ್ಟಗ ಐತೆಲ್ಲ!"

ಅವಳು ನಗಲಿಲ್ಲ. ಅವನು ಒಬ್ಬನೇ ಸಂತೆಗೆ ಹೋದ. ಗಿರಾಕಿಗಳು, "ಅಕ್ಕಾರು ಎಲ್ರಿ?" ಎಂದು ಕೇಳಿ, ಹಗ್ಗ ಒಯ್ದು, ಗೊಂಡೆ ಬಿಟ್ಟು ಹೋಗುತ್ತಿದ್ದರು. ಆ ದಿನಗಳಲ್ಲಿ ಅಂದಾನೆಪ್ಪನ ದನಿ ಎದುರಿನ ಅಂಗಡಿಗೆ ಕೇಳುತ್ತಿರಲಿಲ್ಲ. ವ್ಯಾಪಾರ ಕಡಿಮೆಯಾದದ್ದಕ್ಕಲ್ಲ. ಬರುವ ದಾರಿಯಲ್ಲಿ ಅವನ ಬೆನ್ನ ಹಿಂದೆ ಮಾತಿರಲಿಲ್ಲ.

ಒಂದು ದಿನ ಕಿತ್ತೂರಿನ ಸಂತೆಯಿಂದ ಬಂದವನು ಗಾಡಿ ನಿಲ್ಲಿಸುವ ಮೊದಲೇ ಕೂಗಿದ: "ಲೇ ಗೌರ್ಯಾ! ಗಾಡಿಗೆ ಖಿಡಕಿ ಹಾಕ್ಸೋಣು!"

ಕೋಟೆ ನೋಡಲು ಬಂದ ಪ್ರವಾಸಿಗರ ದೊಡ್ಡ ಮೋಟರ್‌ಸೈಕಲ್ಲುಗಳ ಮುಂದೆ ಎದೆಯೆತ್ತರದ ಪಾರದರ್ಶಕ ವಿಂಡ್‌ಶೀಲ್ಡ್ ಇದ್ದದ್ದನ್ನು ಅವನು ನೋಡಿದ್ದ. ಅಂಥದ್ದೊಂದಿದ್ದರೆ ಸುಂದರವ್ವ ಮತ್ತೆ ಹಿಂದೆ ಕೂರಬಹುದು. ಅವನ ತಲೆಯಲ್ಲಿ ಇದ್ದದ್ದು ಅದಿಷ್ಟೇ.

ಸವದತ್ತಿಯಲ್ಲಿ ಗಾಡಿ ಅಲಂಕಾರದ ಅಂಗಡಿಯೊಂದಿತ್ತು. ನನ್ನನ್ನೂ ಎಳೆದುಕೊಂಡು ಹೋದ. ಒಳಗೆ ಹೋದವನೇ ದೊಡ್ಡ ದನಿಯಲ್ಲಿ ಹೇಳಿದ:

"ನಮ್ಮನಿಯಾಕಿಗೆ ಗಾಳಿ ಬಡದೈತ್ರಿ. ಗಾಳಿ ತಡಿಯೂದು ಏನರ ಒಂದ ಕೊಡ್ರಿ."

ಅಂಗಡಿಯವನು ಅವನನ್ನೂ ನನ್ನನ್ನೂ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಬಾಗಿಲ ಕಡೆ ಕೈ ತೋರಿಸಿದ. "ಕಾಕಾರ, ಗುಡ್ಡಕ್ಕ ಹೋಗೂ ದಾರಿ ಆ ಕಡೆ. ಎಲ್ಲವ್ವನ ಕಾಲಿಗೆ ಬೀಳ್ರಿ, ಆರಾಮ ಆಗತದ. ಇದು ಗಾಡಿ ಸಾಮಾನಿನ ಅಂಗಡಿ."

"ಗಾಡಿಗೇ ಬೇಕಾಗೇತ್ರಿ!"

"ಗಾಡಿಗೂ ಬಡದೈತೇನ್ರಿ?"

ನಾನು ಬಿಡಿಸಿ ಹೇಳಬೇಕಾಯಿತು. ಅಂಗಡಿಯವನು ನಕ್ಕು ನಕ್ಕು ಕೌಂಟರಿನ ಮೇಲೆ ಬಿದ್ದ. ಅಂದಾನೆಪ್ಪ ಅವನಿಗಿಂತ ಜೋರಾಗಿ ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ಆ ನಗೆ ಕೇಳಿ ನನಗೆ ಹಾಯೆನಿಸಿತು.

ಅಲ್ಲಿ ನಾಲ್ಕಾರು ಬಗೆಯವಿದ್ದವು. ಬರೀ ಮೀಟರ್ ಮುಚ್ಚುವಷ್ಟು ಗಿಡ್ಡ, ಕಪ್ಪು ಬಣ್ಣದವು, ಹುಡುಗರು ಚೆಂದಕ್ಕೆ ಹಾಕಿಸುವಂಥವು. ಎತ್ತರದ್ದು ಒಂದೇ ಇತ್ತು. ಅಂದಾನೆಪ್ಪ ಕುಳ್ಳ. ಗಾಡಿಯ ಮೇಲೆ ಕೂತರೆ ಅದರ ಅಂಚು ಅವನ ಪೇಟಾಕ್ಕಿಂತ ಮೇಲೆ ಬರುತ್ತಿತ್ತು. "ಎತ್ತರ ಇದ್ದಷ್ಟು ಛಲೋ. ಗೋಡಿ ಎತ್ತರ ಇದ್ರ ಗಾಳಿ ಹೆಂಗ ಬರತದ?" ಎಂದು ಅದನ್ನೇ ಹಾಕಿಸಿದ. ಮರಳಿ ಬರುವಾಗ, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದ ಹಾದಿಯಲ್ಲಿ, ಅವನ ಅಂಗಿಯ ಕಾಲರ್ ಕೂಡ ಅಲುಗಲಿಲ್ಲ. "ಮನ್ಯಾಗ ಕುಂತಂಗ ಆತಲೇ!" ಎಂದು ಕೂಗುತ್ತಲೇ ಇದ್ದ. ಹಿಂದೆ ಕೂತಿದ್ದ ನನ್ನ ಟೊಪ್ಪಿಗೆ ಎರಡು ಸಲ ಹಾರಿಹೋಯಿತು. ಅದು ನನ್ನ ಟೊಪ್ಪಿಗೆಯ ದೋಷ ಎಂದು ಇಬ್ಬರೂ ಅಂದುಕೊಂಡೆವು.

ಮರುದಿನ ಸುಂದರವ್ವನನ್ನು ಕೂರಿಸಿಕೊಂಡು ಊರ ಹೊರಗಿನವರೆಗೆ ಹೋಗಿ ಬಂದ. ಇಳಿದಾಗ ಅವಳ ಎಡಗಣ್ಣು ಕೆಂಡದಂತಾಗಿತ್ತು.

"ಗಾಳಿ ಮುಂದಿನಿಂದ ಬರವಲ್ದು," ಎಂದಳು ಅವಳು, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ಹಿಂದಿನಿಂದ ಬಂದು ಬಡೀತತಿ."

"ಮುಂದ ಹೋಗೂ ಗಾಡಿಗೆ ಹಿಂದಿನಿಂದ ಗಾಳಿ ಹೆಂಗ ಬರತೈತಿ? ನಿನಗ ಶೆಟ್ಟೆವ್ವನ ಗಾಳೀನ ಬಡದಿರಬೇಕು."

"ಬಡಸಕೊಂಡಾಕಿ ನಾ ಇದ್ದೇನಿ. ನಿಮಗೇನ ಗೊತ್ತು? ನೀವು ಗೋಡಿ ಮುಂದ ಕುಂತಿರಿ."

ಅವಳು ಒಳಗೆ ಹೋಗಿ ಕೆಂಪು ಉಣ್ಣೆಯ ಉಂಡೆ ತಂದಳು. ಗೇಣುದ್ದದ ಎಳೆಗಳನ್ನು ಕತ್ತರಿಸಿ, ಒಂದನ್ನು ಗಾಡಿಯ ಮುಂದಿನ ಗ್ಲಾಸಿನ ಅಂಚಿಗೆ, ಒಂದನ್ನು ಗಂಡನ ಹೆಗಲಿಗೆ, ಒಂದನ್ನು ತನ್ನ ಕನ್ನಡಕದ ಕಡ್ಡಿಗೆ ಕಟ್ಟಿದಳು. ಕಣ್ಣಿನ ಮೇಲೆ ಹತ್ತಿಯಿಟ್ಟು ಪಟ್ಟಿ ಹಾಕಿಕೊಂಡಳು. "ಅಣ್ಣಾರ, ನೀವು ನಿಮ್ಮ ಸ್ಕೂಟರ್ ತಗೊಂಡ ಬಾಜೂಕ ಬರ್ರಿ. ಎಳಿ ಎತ್ತಾಗ ಹಾರತಾವು ಅದನ್ನ ಅಷ್ಟ ನೋಡ್ರಿ," ಎಂದಳು ನನಗೆ.

ಖಾಲಿ ರಸ್ತೆ. ನಾನು ಪಕ್ಕದಲ್ಲಿ ಹೋಗುತ್ತ ನೋಡಿದೆ. ಗ್ಲಾಸಿನ ಅಂಚಿನ ಎಳೆ ಮೇಲಕ್ಕೆ ನೆಟ್ಟಗೆ ನಿಂತಿತ್ತು. ಅಂದಾನೆಪ್ಪನ ಹೆಗಲಿನದು ನಿದ್ದೆ ಮಾಡುತ್ತಿತ್ತು. ಸುಂದರವ್ವನ ಕಿವಿಯ ಹತ್ತಿರದ್ದು ಹುಚ್ಚು ಹಿಡಿದಂತೆ ಗಿರಗಿರ ಸುತ್ತಿ, ಹಿಂದಿನಿಂದ ಮುಂದಕ್ಕೆ ಬಾಗಿ ಅವಳ ಕೆನ್ನೆಗೇ ಹೊಡೆಯುತ್ತಿತ್ತು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮರಳಿ ಬಂದು ಕಟ್ಟೆಯ ಮೇಲೆ ಕೂತಾಗ ಅವಳೇ ಹೇಳಿದಳು: "ರಾಶಿ ಮಾಡುವಾಗ ಗಾಳಿಗೆ ತೂರತಿದ್ರಲ್ಲ, ಆವಾಗ ಬಣವಿ ಹಿಂದ ಗಾಳಿ ಬರಂಗಿಲ್ಲ ಅಂತ ಹೋಗಿ ನಿಂತ್ರ ಹೊಟ್ಟು ಎಲ್ಲಾ ತಿರುಗಿ ಬಂದು ನಮ್ಮ ಕಣ್ಣಾಗ ಬೀಳತಿತ್ತು. ಗಾಳಿ ಬಣವಿ ಮ್ಯಾಲಿಂದ ಹಾರಿ ಹಿಂದ ಇಳೀತತಿ. ಇದೂ ಹಂಗ."

ಅಂದಾನೆಪ್ಪ ತನ್ನ ಎತ್ತರದ ಗ್ಲಾಸನ್ನು ನೋಡಿದ. "ಹಂಗಾರ ನಾ ಬಣವಿ ಒಟ್ಟಿಸಿಕೊಂಡ ಬಂದೆ."

"ಅದೂ ಸವದತ್ತಿತನಕಾ ಹೋಗಿ!"

ಆಗ ಅವಳು ನಕ್ಕಳು. ಬಾಯಿ ಒಂದು ಕಡೆಗೇ ಹೋಯಿತು, ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

ನಮ್ಮ ಪೇಟೆಯ ಲಗಮಣ್ಣ ಗಾಡಿ ರಿಪೇರಿಯವನು. ಗ್ಲಾಸನ್ನು ಅವನ ಮುಂದಿಟ್ಟು ಅಂದಾನೆಪ್ಪ, "ಇದನ್ನ ಗಿಡ್ಡ ಮಾಡು," ಎಂದ. ಲಗಮಣ್ಣ ಹೌಹಾರಿದ. "ಕಾಕಾ, ಹೊಸಾದನ್ನ ಕೊಯ್ಯಂತೀರಲ್ರಿ! ನಿಮಗೂ ಗಾಳಿ ಬಡೀತೇನು?" ಸವದತ್ತಿಯ ಸುದ್ದಿ ಅಷ್ಟರಲ್ಲಿ ಊರು ತಲುಪಿತ್ತು.

ಎರಡೆರಡು ಬೆರಳಿನಷ್ಟು ಕೊಯ್ಯುವುದು, ಅಂಚನ್ನು ಉಜ್ಜಿ ನುಣುಪು ಮಾಡುವುದು, ಸುಂದರವ್ವನನ್ನು ಕೂರಿಸಿಕೊಂಡು ಹೋಗಿ ಬರುವುದು, ಎಳೆ ಹೇಗೆ ಹಾರಿತೆಂದು ನಾನು ಹೇಳುವುದು. ಪ್ರತಿ ಸಲವೂ ಎಳೆಯ ಹುಚ್ಚು ಸ್ವಲ್ಪ ಇಳಿಯುತ್ತಿತ್ತು. ಅಂಚು ಅಂದಾನೆಪ್ಪನ ಮೂಗಿನ ಮಟ್ಟಕ್ಕೆ ಬಂದಾಗ, ಅವನಿಗೆ ರಸ್ತೆ ಗ್ಲಾಸಿನ ಮೇಲಿನಿಂದಲೇ ಕಾಣತೊಡಗಿದಾಗ, ಲಗಮಣ್ಣ ಇನ್ನೊಂದು ಮಾತು ಹೇಳಿದ. ಹೆಡ್‌ಲೈಟಿಗೂ ಗ್ಲಾಸಿಗೂ ನಡುವೆ ಕೆಳಗಿನಿಂದ ಒಂದಿಷ್ಟು ಸಂದಿ ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ನುಸುಳಿ ಹಿಂದಿನ ಸೆಳೆತ ಕಡಿಮೆಯಾಗುತ್ತದೆ. ಆದರೆ ಆ ಗಾಳಿ ಓಡಿಸುವವನ ಎದೆಗೆ ಬರುತ್ತದೆ.

"ನನ್ನ ಎದಿಗೆ ಬಂದ್ರ ಬರಲಿ ಬಿಡೋ. ನನಗೇನ ಕಣ್ಣು ಎದ್ಯಾಗ ಅದಾವೇನು?"

ಅಳತೆಯಾದದ್ದು ಹಾಗೆ. ಎಲ್ಲರೂ ವಿಂಡ್‌ಶೀಲ್ಡನ್ನು ಓಡಿಸುವವರ ಸುಖಕ್ಕೆ ಹಾಕಿಸುತ್ತಾರೆ. ಅವನು ಹಿಂದೆ ಕೂರುವವಳಿಗಾಗಿ ಹಾಕಿಸಿದ. ಅದರಿಂದ ಅವನ ಹಣೆಗೂ ಎದೆಗೂ ಗಾಳಿ ಬರುತ್ತಿತ್ತು. ಚಳಿಗಾಲದಲ್ಲಿ ಹಳೆಯ ಕೌದಿಯ ತುಂಡನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದ. ಕೊನೆಯ ಸಲ ಪರೀಕ್ಷೆ ಮಾಡಿದಾಗ ಸುಂದರವ್ವನ ಕಿವಿಯ ಎಳೆ ಒಂದೆರಡು ಬಾರಿ ತೂಗಿ, ಅವಳ ಹೆಗಲ ಮೇಲೆ ಮಲಗಿತು. ನಾನು ಪಕ್ಕದಿಂದ, "ಮಲಗಿತು!" ಎಂದು ಕೂಗಿದೆ. ಅವನು ಬ್ರೇಕ್ ಹಾಕಿ, "ಯಾರು?" ಎಂದು ಗಾಬರಿಯಿಂದ ತಿರುಗಿದ.

ರಾಮದುರ್ಗದ ಸಂತೆಗೆ ಹೊರಡುವ ಮುಂಚೆ ಅವನು ಗ್ಲಾಸಿಗೆ ಪೂಜೆ ಮಾಡಿದ. ಹೊಸ ವಸ್ತು ಮನೆಗೆ ಬಂದರೆ ಅದಕ್ಕೆ ಇಬತ್ತಿ, ಅಂದರೆ ವಿಭೂತಿ, ಹಚ್ಚದೆ ಬಳಸುವ ಮನೆತನವಲ್ಲ. ನೀರಿನಲ್ಲಿ ಕಲಸಿ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಅವಸರದಲ್ಲಿ ಒಣ ಇಬತ್ತಿಯ ಉಂಡೆಯನ್ನೇ ಹಿಡಿದು, ಭಕ್ತಿಯಿಂದ ಒತ್ತಿ, ಮೂರು ಗೆರೆ ಎಳೆದ. ಸಂಜೆ ಮರಳಿ ಬಂದು ಧೋತರದ ಚುಂಗಿನಿಂದ ಉಜ್ಜಿ ಒರೆಸಿದ. ಇಬತ್ತಿ ಹೋಯಿತು, ಗೆರೆಗಳು ಹೋಗಲಿಲ್ಲ. ಉಂಡೆಯಲ್ಲಿದ್ದ ಹರಳು ಆ ಮೆದು ಗ್ಲಾಸನ್ನು ಗೀರಿತ್ತು. ಎದುರಿನಿಂದ ಟ್ರ್ಯಾಕ್ಟರಿನ ಬೆಳಕು ಬಿದ್ದಾಗಲೆಲ್ಲ ಮೂರು ಗೆರೆ ಹೊಳೆಯುತ್ತಿದ್ದವು.

ಅವನ ಮುಖ ಸಣ್ಣದಾಗಿತ್ತು. ಲಗಮಣ್ಣ ನೋಡಿ, "ಕಾಕಾ, ಇದು ಹಣಿ ಅಲ್ಲರಿ, ಪ್ಲಾಸ್ಟಿಕ್," ಎಂದ.

ಸುಂದರವ್ವ ಬಿಡಲಿಲ್ಲ. "ಇರವಲ್ದ್ಯಾಕ. ಮಂದಿ ದಿನಾ ಹಚ್ಚಕೋಬೇಕು, ನಮ್ಮ ಗಾಡಿಗೆ ಒಮ್ಮೆ ಹಚ್ಚಿದ್ದು ಸಾಯೂಮಟ ಬಂತು."

ಆ ದಿನ ರಾಮದುರ್ಗದ ಸಂತೆಯಲ್ಲಿ ಏನಾಯಿತೆಂದು ಅವನು ನನಗೆ ಎಷ್ಟೋ ಸಲ ಹೇಳಿದ್ದಾನೆ. ಸುರೇಬಾನದ ರೈತನೊಬ್ಬ ಸುಂದರವ್ವನನ್ನು ನೋಡಿ, "ಯವ್ವಾ, ಮಾರಿ ಯಾಕ ಹಿಂಗ ಆತು?" ಎಂದು ನೇರ ಕೇಳಿದನಂತೆ. ಅವಳು ಗೊಂಡೆ ಕೊಡವುತ್ತ, "ನಿಮ್ಮಂಥಾರ ಜೋಡಿ ಚೌಕಾಸಿ ಮಾಡಿ ಮಾಡಿ ಬಾಯಿ ಒಂದ ಕಡೆ ಹೋತ್ರಿ. ಇನ್ನರ ಹೇಳಿದ ರೇಟಿಗೆ ಒಯ್ಯರಿ," ಎಂದಳಂತೆ. ರೈತ ನಕ್ಕು ಜೋಡಿ ಗೊಂಡೆ ಒಯ್ದ. ಆಮೇಲೆ ಯಾರೂ ಕೇಳಲಿಲ್ಲ. ಅಂದು ಸಂಜೆ ಗಾಡಿ ಪೇಟೆಗೆ ಬಂದಾಗ, ತಿರುವಿನಲ್ಲಿ ಕಾಣುವ ಮೊದಲೇ ಅವರಿಬ್ಬರ ನಗೆ ನನಗೆ ಕೇಳಿಸಿತು.

ಹೀಗೆ ಎರಡು ವರ್ಷ ಅವರಿಗೆ ಸಿಕ್ಕಿತು. ಲೆಕ್ಕ ಹಾಕಿದರೆ ಬಹಳವಲ್ಲ. ಆದರೆ ಅವನು ಆ ಎತ್ತರದ ಗ್ಲಾಸು ಸೋತ ದಿನವೇ ಕೈಚೆಲ್ಲಿದ್ದರೆ ಆ ಎರಡು ವರ್ಷವೂ ಇರುತ್ತಿರಲಿಲ್ಲ. ಅದನ್ನು ನೆನೆದಾಗ ನನಗೆ ಅಳುವಿಗಿಂತ ಮೊದಲು ಕೈ ಮುಗಿಯಬೇಕೆನಿಸುತ್ತದೆ.

ಅವನು ಹೋದ ಮೇಲೆ ಮೋಟರ್‌ಸೈಕಲ್ ಗೋಡೆಗೆ ಒರಗಿ ನಿಂತಿತು. ಸುಂದರವ್ವ ಮನೆಯಲ್ಲಿ ಕೂತು ಗೊಂಡೆ ಕಟ್ಟುತ್ತಿದ್ದಳು, ಆದರೆ ಯಾವುದನ್ನೂ ಕೊಡವಿ ಅರಳಿಸುತ್ತಿರಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು, ಎತ್ತು ಸಿಂಗರಿಸುವ ಕಾರಹುಣ್ಣಿಮೆ ಹತ್ತಿರ ಬಂತು. ಮಗಳು ಶೀತಲ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಪ್ಪನಿಂದಲೇ ಗಾಡಿ ಓಡಿಸಲು ಕಲಿತವಳು. ಒಂದು ಭಾನುವಾರ ಅವಳು ಗಾಡಿಯನ್ನು ಹೊರಗೆ ತಂದು ಒರೆಸುತ್ತಿದ್ದಳು.

"ಅವ್ವಾ, ಹುಣ್ಣಿವಿ ಸಂತಿಗೆ ಹೋಗೂಣು. ನಾ ರಜಾ ಹಾಕತೇನಿ."

"ಬ್ಯಾಡ ತಂಗಿ. ಆ ಗಾಡಿ ಮ್ಯಾಲ ನಾ ಯಾರ ಹಿಂದ ಕುಂಡ್ರಲಿ?"

"ನನ್ನ ಹಿಂದ."

ಶೀತಲ ಗಾಡಿಯ ಮೇಲೆ ಕೂತಳು. ಅಪ್ಪನಿಗಿಂತಲೂ ಕುಳ್ಳಿ. ಗ್ಲಾಸಿನ ಅಂಚು ಅವಳ ಹುಬ್ಬಿನ ಮೇಲೆ ಬಂತು, ಮೂರು ಗೆರೆ ಸರಿಯಾಗಿ ಕಣ್ಣ ಮುಂದೆ. ರಸ್ತೆ ಗೆರೆಗಳ ಹಿಂದೆ ಒಡೆದಂತೆ ಕಾಣುತ್ತಿತ್ತು. ಅವಳು ನನ್ನತ್ತ ನೋಡಿದಳು. ಅಪ್ಪ ಎಳೆದ ಗೆರೆಗಳು. ಬದಲಾಯಿಸೋಣ ಎಂದು ಅವ್ವನ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಗ್ಲಾಸು ತೆಗೆದರೆ ಸುಂದರವ್ವನ ಕಣ್ಣು ಉಳಿಯದು. ಇಟ್ಟರೆ ಶೀತಲ ಓಡಿಸಲಾರಳು.

ಸುಂದರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಕೆಳಗಿಳಿದು ಬಂದು ಮಗಳ ಮೂಗಿನ ತುದಿಗೆ ಬೆರಳಿಟ್ಟು, ಅಲ್ಲಿಂದ ಗ್ಲಾಸಿನ ಮೇಲೆ ಅಡ್ಡ ಗೆರೆ ತೋರಿಸಿದಳು.

"ಅಣ್ಣಾರ, ಲಗಮಣ್ಣಗ ಹೇಳ್ರಿ, ಹೊಸಾ ಶೀಟು ತರಲಿ. ಇದನ್ನ ಅದರ ಮ್ಯಾಲ ಇಟ್ಟು ಬರಕೊಳ್ಳಲಿ. ಅಗಲ, ಬಾಗು, ಕೆಳಗಿನ ಸಂದಿ, ಎಲ್ಲಾ ಇದರಂಗ. ಮ್ಯಾಲ ಅಷ್ಟ ಇಲ್ಲಿಗೆ ಕೊಯ್ಯಲಿ." ಹಳೆಯ ಗ್ಲಾಸಿನ ಮೂರು ಗೆರೆ ಸವರಿ, "ಇಬತ್ತಿ ಹಣಿ ಮ್ಯಾಲ ಇರಬೇಕು, ಕಣ್ಣ ಮುಂದ ಅಲ್ಲ. ಅವರಿದ್ರೂ ಇದನ್ನ ಹೇಳತಿದ್ರು," ಎಂದಳು.

ಅವನಿದ್ದಿದ್ದರೆ ಅದನ್ನು ಇಡೀ ಪೇಟೆಗೆ ಕೇಳುವಂತೆ ಹೇಳುತ್ತಿದ್ದ.

ಲಗಮಣ್ಣ ಹಳೆಯದನ್ನು ಹೊಸ ಶೀಟಿನ ಮೇಲಿಟ್ಟು, ದರ್ಜಿ ಹಳೆಯ ಅಂಗಿಯ ಅಳತೆ ತೆಗೆಯುವಂತೆ ಸುತ್ತ ಗೆರೆ ಎಳೆದ. ಬಿಸಿಮಾಡಿ ಬಗ್ಗಿಸಿದ, ಮೇಲಿನಿಂದ ಕೊಯ್ದ. "ಅಗಲ ಅಪ್ಪಂದು, ಎತ್ತರ ಮಗಳದು," ಎಂದು ಕೂರಿಸಿ ಕೊಟ್ಟ. ಹಳೆಯ ಗ್ಲಾಸು ಈಗ ಅಂಗಡಿಯ ಕಿಟಕಿಯಲ್ಲಿದೆ. ಅದರ ಮರೆಯಲ್ಲಿ ಕೂತು ಸುಂದರವ್ವ ಗೊಂಡೆ ಕಟ್ಟುತ್ತಾಳೆ. ಬೀದಿಯ ಗಾಳಿ ಅವಳ ಕಣ್ಣಿಗೆ ಬರುವುದಿಲ್ಲ.

ಸಂತೆಯ ದಿನ ಬೆಳಿಗ್ಗೆ ಸುಂದರವ್ವ ಇಬತ್ತಿಯನ್ನು ನೀರಿನಲ್ಲಿ ಕಲಸಿ, ಹೆಡ್‌ಲೈಟಿನ ಮೇಲಿನ ತಗಡಿಗೆ ಬೆರಳಿನಿಂದ ಹಚ್ಚಿದಳು. ಒಂದು ಕೆಂಪು ಎಳೆಯನ್ನು ಕನ್ನಡಕದ ಕಡ್ಡಿಗೆ ಕಟ್ಟಿಕೊಂಡಳು. "ಬರತೀರೇನ್ರಿ ಅಣ್ಣಾರ, ಬಾಜೂಕ? ಎತ್ತರಾ ಬದಲಾಗೇತಿ. ಒಮ್ಮೆ ನೋಡಬೇಕಲ್ಲ," ಎಂದಳು.

ನಾನು ಸ್ಕೂಟರ್ ತೆಗೆದೆ. ಊರು ದಾಟಿದ ಮೇಲೆ ಶೀತಲ ವೇಗ ಹೆಚ್ಚಿಸಿದಳು. ಎರಡೂ ಕಡೆ ಹಗ್ಗದ ಗಂಟು, ನಡುವೆ ಸುಂದರವ್ವ. ಎಳೆ ಮೊದಲು ತಡಬಡಿಸಿತು. ಸುಂದರವ್ವ ಒಂದಿಷ್ಟು ಮುಂದೆ ಸರಿದು ಮಗಳ ಬೆನ್ನಿಗೆ ಆತುಕೊಂಡಳು. ಎಳೆ ಅವಳ ಹೆಗಲ ಮೇಲೆ ಇಳಿದು ಮಲಗಿತು.

"ಮಲಗಿತು!" ಎಂದು ನಾನು ಕೂಗಿದೆ.

ಶೀತಲ ಬ್ರೇಕ್ ಹಾಕಲಿಲ್ಲ. ಸುಂದರವ್ವ ನನ್ನ ಕಡೆ ತಿರುಗಿ, ಗಂಡನ ದನಿಯಲ್ಲೇ, ಅಷ್ಟೇ ಗಾಬರಿಯಿಂದ, "ಯಾರು?" ಎಂದಳು. ಮಗಳು ಗಾಡಿ ಅಲ್ಲಾಡುವಂತೆ ನಕ್ಕಳು. ನಾನು ಅಲ್ಲಿಯೇ ಸ್ಕೂಟರ್ ನಿಲ್ಲಿಸಿ, ಅವರು ರಾಮದುರ್ಗದ ದಾರಿಯಲ್ಲಿ ಹೋಗುವುದನ್ನು ನೋಡಿದೆ. ನನ್ನ ಕಣ್ಣಿಗೆ ಗಾಳಿ ಹೊಡೆಯುತ್ತಿತ್ತು. ಹೊಡೆಯಲಿ ಬಿಡು ಎಂದುಕೊಂಡೆ.